ನಡುವಿನ ಅಚ್ಚು

ಯಳಂದೂರಿನಿಂದ ಬಂದ ಒಪ್ಪಿಗೆಯ ತಟ್ಟೆಯಲ್ಲಿ ಶಿವರತ್ನಮ್ಮನ ಪಾಲಿನ ಬೆಲ್ಲ ಇರಲಿಲ್ಲ.

ತಟ್ಟೆಯ ತುಂಬ ಹೂವಿನಂತೆ ಜೋಡಿಸಿದ ದುಂಡನೆಯ ಅಚ್ಚುಬೆಲ್ಲ. ಒಳಸುತ್ತಿಗೆ ಆರು, ಮುಂದಿನದಕ್ಕೆ ಹನ್ನೆರಡು, ಹೊರಸುತ್ತಿಗೆ ಹದಿನೆಂಟು. ನಟ್ಟನಡುವೆ ಮಾತ್ರ ಖಾಲಿ! ಅವಳ ಊರು, ಆಗಿನ್ನೂ ಮೈಸೂರಿಗೆ ಸೇರದ ಕೊಳ್ಳೇಗಾಲದಲ್ಲಿ ಆ ಒಂದನ್ನು ಗಂಡು ಕೈಯಾರೆ ಇಟ್ಟು ತರಬೇಕು. ಇಲ್ಲದಿದ್ದರೆ ಹೆಣ್ಣು ಬೇಡವೆಂದೇ ಅರ್ಥ.

“ಬ್ಯಾಡ ಅಂತ ಬಾಯ್ಬುಟ್ಟು ಏಳ್ಬೋದಿತ್ತು ಮೇಷ್ಟ್ರೇ!”

ಅವಳ ಅಪ್ಪ ವೃಷಭೇಂದ್ರಪ್ಪ ತಟ್ಟೆಯನ್ನು ನೂಕಿದರು. ಅರ್ಧದಷ್ಟು ಅಚ್ಚುಗಳು ಜಗಲಿಯಿಂದ ಉರುಳಿದವು. ಕೆಳಗೆ ಕಟ್ಟಿದ್ದ ಬೀಗರ ಗಾಡಿಯ ಎತ್ತು ಬಾಯಿ ಹಾಕಲು ತಡಮಾಡಲಿಲ್ಲ.

ಶಿವರತ್ನಮ್ಮ ಬಾಗಿಲ ಸಂದಿಯಿಂದ ಎಲ್ಲ ನೋಡುತ್ತಿದ್ದಳು. ಹೆಣ್ಣು ನೋಡಲು ಬಂದ ದಿನ ಇದೇ ರುದ್ರಸ್ವಾಮಿ ಮೇಷ್ಟ್ರು ತನ್ನನ್ನು ನೋಡಿ ನಕ್ಕಿದ್ದ... ಅದು ಸುಳ್ಳೇ?

“ನಡೀಲಾ ಮಗ, ಓಗವಾ,” ಎಂದು ಅವನ ತಾಯಿ ವೀರಮ್ಮ ಎದ್ದರು.

‘ಈಗ ಕೇಳದಿದ್ದರೆ ಇನ್ನು ಕೇಳಲಾಗದು.’ ಶಿವರತ್ನಮ್ಮ ಹೊಸಿಲು ದಾಟಿದಳು.

“ನಾನ್ಯಾಕೆ ಬ್ಯಾಡ?”

“ಬ್ಯಾಡ ಅಂದೋರ್ಯಾರು?” ರುದ್ರಸ್ವಾಮಿ ಬೆಪ್ಪಾದ.

“ಮತ್ತೆ ನಡುವಿಂದೆಲ್ಲಿ?”

“ಅದ ನೀವಲ್ವಾ ಇಡೋದು! ನಮ್ ಮೈಸೂರು ಸೀಮೇಲಿ ಹೆಣ್ಣೇ ಇಡಬೇಕು. ದಾರಿವುದ್ದಕ್ಕೂ ನಂಗದೇ ದಿಗಿಲು... ನೀವು ಇಡ್ತೀರೋ ಇಲ್ವೋ ಅಂತ.”

ಅವಳಿಗೆ ಹೋದ ಉಸಿರು ಬಂತು! ಜಗಲಿಯ ಮೇಲಿದ್ದವರೆಲ್ಲ ನಕ್ಕರು. ವೃಷಭೇಂದ್ರಪ್ಪ ಮಾತ್ರ ಎತ್ತಿನ ಕಡೆ ತಿರುಗಿ ಬೈದರು: “ಥೂ, ನೀನಾದ್ರೂ ವಸಿ ತಡೀಬಾರ್ದಾ?”

ತಟ್ಟೆಯಲ್ಲಿ ಹತ್ತೊಂಬತ್ತು ಉಳಿದಿದ್ದವು.

“ಹೂವೇ ಕೆಟ್ಟೋಯ್ತಲ್ಲ,” ಎಂದರು ವೀರಮ್ಮ.

“ಕೆಟ್ಟಿಲ್ಲ ಕಣವ್ವ,” ರುದ್ರಸ್ವಾಮಿ ತಟ್ಟೆಗೆ ಬಾಗಿದ. “ನಡುವೆ ಒಂದು, ಸುತ್ತ ಆರು, ಅದರ ಸುತ್ತ ಹನ್ನೆರಡು. ಸುತ್ತಿಂದ ಸುತ್ತಿಗೆ ಆರು ಏರ್ತದೆ, ಅಷ್ಟೆಯ. ಹತ್ತೊಂಬತ್ತಕ್ಕೆ ಹೂವು ಪೂರ್ತಿ.”

“ಲೆಕ್ಕದ ಮೇಷ್ಟ್ರು ಪಾಠ ಸುರು ಮಾಡುದ್ರು,” ಎಂದು ಯಾರೋ ಕಿಚಾಯಿಸಿದರು.

ಹದಿನೆಂಟನ್ನು ಸುತ್ತಲೂ ಜೋಡಿಸಿ, ಉಳಿದ ಒಂದನ್ನು ಅವನು ಅವಳ ಅಂಗೈಗಿಟ್ಟ.

“ಬೆಲ್ಲ ನಮ್ದು, ಕೈ ನಿಮ್ದು. ಎರಡೂ ಕಡೆ ಶಾಸ್ತ್ರ ಆಯ್ತದೆ.”

ಅವಳು ನಡುವೆ ಇಟ್ಟಳು. ಆರೂ ಅದಕ್ಕೆ ಒತ್ತಿ ಕುಳಿತವು.

“ಅಲ್ಲಾಡದಿಲ್ಲ ತಾನೆ?” ಮೆಲ್ಲಗೆ ಕೇಳಿದಳು.

“ಐದಾಗಿದ್ರೆ ಸಂದಿ ಬೀಳೋದು. ಆರಕ್ಕೆ ಬೀಳದಿಲ್ಲ... ನೀವೂ ಓಗ್ಬುಡ್ಬೇಡಿ.”

“ಎಲ್ಲಿಗ್ ಓಗ್ಲಿ? ಸುತ್ತ ಕಟ್ಟಾಕಿದ್ದೀರಲ್ಲ!”

ಆ ದಿನದ ನಷ್ಟ ಹದಿನೇಳು ಅಚ್ಚು ಬೆಲ್ಲ.