ಮಾಯವಾದ ಮೂವತ್ತನಾಲ್ಕು ಕಿಲೋ

"ಎಂಟುನೂರ ಐವತ್ತು!"

ಲಾರಿ ತೂಗುವ ಕಾಟಾದ ಮುಳ್ಳನ್ನು ಇನ್ನೊಮ್ಮೆ ಬಗ್ಗಿ ನೋಡಿ ಗುಮಾಸ್ತ ಅಬ್ದುಲ್ ಶುಕೂರ್ ಕೂಗಿ ಹೇಳಿದರು.

ಬಂಟ್ವಾಳದ ಹಂಚಿನ ಕಾರ್ಖಾನೆಯ ಅಂಗಳದಲ್ಲಿ ನೆರೆದಿದ್ದ ಜನ ಮುಳ್ಳು ನೋಡಲು ಮುಂದೆ ನುಗ್ಗಿದರು. ಕಾಟಾದ ಮೇಲೆ ನಿಂತಿದ್ದದ್ದು ಧರ್ಣಪ್ಪನ ಬೂದು ಬಣ್ಣದ ಫಿಯೆಟ್. ಆ ದಿನ ಬೆಳಿಗ್ಗೆಯಷ್ಟೇ ಚಾರ್ಮಾಡಿ ಘಾಟಿಯ ಏರು ಸ್ಪರ್ಧೆಯಲ್ಲಿ ಎರಡನೆಯ ವರ್ಗದ ಕಪ್ ಗೆದ್ದ ಕಾರು.

ಪದ್ಮಾಕ್ಷಿ ಕೈಯಲ್ಲಿದ್ದ ಚೀಟಿಯನ್ನು ಮತ್ತೆ ಓದಿದಳು. ನಿನ್ನೆಯ ತಾರೀಕು. ಶುಕೂರರ ಸಹಿ. ತೂಕ—ಎಂಟುನೂರ ಎಂಬತ್ತನಾಲ್ಕು ಕಿಲೋ.

ಒಂದೇ ದಿನದಲ್ಲಿ ಮೂವತ್ತನಾಲ್ಕು ಕಿಲೋ ಎಲ್ಲಿಗೆ ಹೋಯಿತು?

ಅವಳ ಎದೆ ಹೊಡೆದುಕೊಳ್ಳತೊಡಗಿತು. ಹೆದರಿಕೆಯಿಂದಲ್ಲ. ಬಿಡಿಸಲಾಗದ ಲೆಕ್ಕ ಕರಿಹಲಗೆಯ ಮೇಲೆ ಎದುರಾದಾಗ ಆಗುವ ಹಾಗೆ.

ಪದ್ಮಾಕ್ಷಿ ಮೂಡುಬಿದಿರೆಯ ಹೈಸ್ಕೂಲಿನ ಲೆಕ್ಕದ ಟೀಚರ್. ಹಿಂದಿನ ವರ್ಷ, ಅಂದರೆ ಸಾವಿರದ ಒಂಬೈನೂರ ಅರುವತ್ತೆರಡರಲ್ಲಿ, ಮೋಟಾರ್ ಕ್ಲಬ್ಬಿನ ಸ್ಪರ್ಧೆ ಜಗಳದಲ್ಲಿ ಮುಗಿದಿತ್ತು. ಎಸ್ಟೇಟ್ ಧಣಿಗಳ ದೊಡ್ಡ ಷೆವರ್ಲೆಯ ಎದುರು ಪುಂಜಾಲಕಟ್ಟೆಯ ಬಾಡಿಗೆ ಕಾರಿನ ಹಾಜಬ್ಬ ತನ್ನ ಹಳೆಯ ಮೋರಿಸ್ ಮೈನರ್ ಓಡಿಸಿದರೆ ಅದೆಂಥ ಸ್ಪರ್ಧೆ? ಹಾಗಾಗಿ ಕ್ಲಬ್ಬಿನ ಅಧ್ಯಕ್ಷ ಚನಿಯಪ್ಪ ಅವಳ ಮನೆಗೇ ಬಂದು, "ನ್ಯಾಯವಾದ ಒಂದು ನಿಯಮ ಮಾಡಿಕೊಡಿ ಟೀಚರೇ" ಎಂದಿದ್ದರು.

ಮೂರು ತಿಂಗಳು ಕೂತು ಅವಳು ನಿಯಮ ಮಾಡಿದಳು. ಕಾರಿನ ತೂಕವನ್ನು ಎಂಜಿನ್ನಿನ ಅಳತೆಯಿಂದ ಭಾಗಿಸಬೇಕು. ಪ್ರತಿ ನೂರು ಸಿ.ಸಿ.ಗೆ ಎಂಬತ್ತು ಕಿಲೋಕ್ಕಿಂತ ಕಡಿಮೆ ಭಾರ ಬಿದ್ದರೆ ಅದು ಚುರುಕಿನ ಕಾರು, ಮೊದಲನೆಯ ವರ್ಗ. ಎಂಬತ್ತು ದಾಟಿದರೆ ಎರಡನೆಯ ವರ್ಗ. ನಿನ್ನೆಯ ತೂಕದಲ್ಲಿ ಫಿಯೆಟ್ಟಿಗೆ ಎಂಬತ್ತೊಂದು ಬಂದಿತ್ತು. ಇವತ್ತಿನ ತೂಕದಲ್ಲಿ ಎಪ್ಪತ್ತೆಂಟು!

ಬೆಳಿಗ್ಗೆ ಘಾಟಿಯ ತಿರುವುಗಳಲ್ಲಿ ಅದೇ ಎರಡನೆಯ ವರ್ಗದ ಹಾಜಬ್ಬ ಪ್ರಾಣ ಒತ್ತೆಯಿಟ್ಟವನಂತೆ ಕಾರು ಓಡಿಸಿದ್ದ. ಆದರೂ ಫಿಯೆಟ್ ಇಪ್ಪತ್ತೆರಡು ಸೆಕೆಂಡ್ ಮುಂದೆ ಬಂದಿತ್ತು. ಆ ಇಪ್ಪತ್ತೆರಡು ಅವಳ ಲೆಕ್ಕಕ್ಕೆ ಸೇರಲಿಲ್ಲ. ಅದಕ್ಕೇ ಗೆದ್ದ ಕಾರುಗಳನ್ನು ಮರಳಿ ತೂಗುವ ಎಂದು ಹಟ ಹಿಡಿದಿದ್ದಳು.

"ಇನ್ನೆಂತ ನೋಡುವುದು?" ಧರ್ಣಪ್ಪ ಗುಡುಗಿದ. ಬೆಳ್ತಂಗಡಿಯ ಜವಳಿ ಅಂಗಡಿಯ ಮಾಲೀಕ ಅವನು, ಮಾತು ಯಾವಾಗಲೂ ಎತ್ತರದ್ದು. "ಬರೆದವರು ಶುಕೂರ್. ಹಾಜಬ್ಬ ಯಾರು? ಅವರ ಅಕ್ಕನ ಮಗ! ಬೇಕೆಂದೇ ಹೆಚ್ಚು ಬರೆದು, ಈಗ ನನ್ನನ್ನು ಹೊರಗೆ ಹಾಕಲಿಕ್ಕೆ ನೋಡ್ತಾ ಇದ್ದಾರೆ."

ಶುಕೂರ್ ಬಿಳಿಚಿಕೊಂಡರು. "ಅಲ್ಲಾಹುವಿನ ಆಣೆ! ಹದಿನೆಂಟು ವರ್ಷದಿಂದ ಈ ಕಾಟಾದಲ್ಲಿ ಇದ್ದೇನೆ. ಕಂಡದ್ದನ್ನೇ ಬರೆದದ್ದು."

"ಸುಳ್ಳು ತೂಕ ಬರೆದದ್ದು ಹೌದಾದರೆ ಕಾರ್ಖಾನೆಯವರು ನಾಳೆಗೇ ಮನೆಗೆ ಕಳಿಸ್ತಾರೆ," ಎಂದು ಯಾರೋ ಗೊಣಗಿದರು.

ಚನಿಯಪ್ಪ ತಲೆ ಕೆರೆದುಕೊಂಡರು. "ಟೀಚರೇ, ಈ ಲೆಕ್ಕದ ಗೋಜು ಬೇಡ. ಮುಂದಿನ ವರ್ಷ ಮೊದಲಿನ ಹಾಗೇ ಮಾಡುವ."

"ಹತ್ತು ನಿಮಿಷ ಕೊಡಿ," ಎಂದಳು ಪದ್ಮಾಕ್ಷಿ. "ನಿನ್ನೆ ಡಿಕ್ಕಿಯಲ್ಲಿ ಏನಾದರೂ ಇತ್ತಾ?"

"ನಾವಿಬ್ಬರೇ ಅಲ್ವಾ ನೋಡಿದ್ದು?" ಎಂದರು ಚನಿಯಪ್ಪ. "ಸೀಟಿನ ಅಡಿ ಸಹ ನೋಡಿದೆವು. ಎಂತದೂ ಇರಲಿಲ್ಲ."

"ಪೆಟ್ರೋಲು?"

"ನಿನ್ನೆಯೂ ಟ್ಯಾಂಕ್ ತುಂಬ, ಇವತ್ತೂ ತೂಗುವ ಮೊದಲು ತುಂಬಿಸಿದ್ದು. ಸ್ಟೆಪ್ನಿ ಸಹ ಅದೇ."

ಹಾಗಾದರೆ? ಒಂದೋ ಶುಕೂರ್ ಸುಳ್ಳು ಬರೆದಿದ್ದಾರೆ, ಇಲ್ಲವೋ ಕಾರಿನೊಳಗೆ ತಾವು ನೋಡದ ಜಾಗ ಇನ್ನೊಂದು ಉಂಟು. ಅವಳು ಗುಮಾಸ್ತರ ಕಡೆ ತಿರುಗಿದಳು.

"ಶುಕೂರ್ ಸಾಹೇಬರೇ, ನಿನ್ನೆ ನಡೆದದ್ದನ್ನು ಮೊದಲಿಂದ ಹೇಳಿ. ಸಣ್ಣದನ್ನೂ ಬಿಡಬೇಡಿ."

"ಹೇಳಲಿಕ್ಕೆ ಎಂತ ಉಂಟು ಟೀಚರೇ? ಕಾರು ಕಾಟಾದ ಮೇಲೆ ನಿಲ್ಲಿಸಿ ಇಳಿದರು. ನಾನು ತೂಕ ಬರೆದೆ. ಅವರು ಮತ್ತೆ ಹತ್ತಿ ಗೇಟಿನ ಹತ್ತಿರ ಬಂದರು. ಅಲ್ಲಿ ಚೀಟಿ ಕೊಟ್ಟೆ."

"ಹನ್ನೊಂದು ಕಾರಿನವರೂ ಹೀಗೆಯೇ?"

"ಹೀಗೆಯೇ. ಎಲ್ಲರೂ ಕೂತಲ್ಲಿಂದಲೇ ಕೈ ಹೊರಗೆ ಹಾಕಿ ಚೀಟಿ ತಕೊಂಡರು. ಧರ್ಣಪ್ಪಣ್ಣ ಮಾತ್ರ ಬಾಗಿಲು ತೆಗೆದು, ಕೆಳಗೆ ಇಳಿದು ತಕೊಂಡರು. ನನ್ನಂಥವನಿಗೂ ಮರ್ಯಾದೆ ಕೊಡ್ತಾರಲ್ಲ ಅಂತ ಖುಷಿಯಾಯ್ತು. ಈಗ ನೋಡಿದರೆ—"

"ಇಳಿದರಾ?"

ಪದ್ಮಾಕ್ಷಿಯ ದನಿ ಎಷ್ಟು ಜೋರಾಗಿತ್ತೆಂದರೆ ಕಾರ್ಖಾನೆಯ ಹೆಣ್ಣಾಳುಗಳೂ ಹಂಚು ಜೋಡಿಸುವುದನ್ನು ಬಿಟ್ಟು ತಿರುಗಿ ನೋಡಿದರು. ಅವಳಿಗೆ ನಿನ್ನೆಯ ನೋಟ ಕಣ್ಣಿಗೆ ಕಟ್ಟಿತು. ಸುಡುವ ಮಧ್ಯಾಹ್ನ. ಬೆವರಿನಲ್ಲಿ ತೊಯ್ದ ಧರ್ಣಪ್ಪನ ಬಿಳಿ ಅಂಗಿ.

"ಧರ್ಣಪ್ಪನವರೇ, ನಿನ್ನೆ ಅಷ್ಟು ಸೆಕೆಯಲ್ಲಿ ಕಿಟಕಿ ಗಾಜು ಯಾಕೆ ಇಳಿಸಲಿಲ್ಲ?"

"ಧೂಳು ಅಂತ," ಎಂದ ಅವನು. ಕಣ್ಣು ಮಾತ್ರ ಗೇಟಿನ ಕಡೆ ಹೋಯಿತು.

"ಇವತ್ತು ಚಾರ್ಮಾಡಿಯಲ್ಲಿ ಧೂಳು ಇರಲಿಲ್ಲವಾ? ಮೊಣಕೈ ಹೊರಗೆ ಹಾಕಿಕೊಂಡೇ ಹೊರಟಿರಿ."

ಉತ್ತರಕ್ಕೆ ಅವಳು ಕಾಯಲಿಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಫಿಯೆಟ್ಟಿನ ಬಾಗಿಲು ತೆರೆದಳು. ಗಾಜಿನ ಹಿಡಿ ತಿರುಗಿಸಿದಳು. ಕರ್... ಕರ್... ಕರ್... ಗಾಜು ಇಳಿಯುವಾಗ ಒಳಗಿನಿಂದ ಅರೆಯುವ ಕಲ್ಲಿನಂಥ ಸದ್ದು.

"ಅಣ್ಣು! ಸ್ಕ್ರೂ ತಿರುಪಿಸುವುದು ತಾ. ಈ ಒಳಹಲಗೆ ತೆಗೆ."

ಕ್ಲಬ್ಬಿನ ಮೆಕ್ಯಾನಿಕ್ ಅಣ್ಣು ಮಂಡಿಯೂರಿ ಕೂತ. "ಇದನ್ನು ಮೊನ್ನೆ ಮೊನ್ನೆ ತೆಗೆದು ಹಾಕಿದ್ದಾರೆ ಟೀಚರೇ. ಸ್ಕ್ರೂ ತಲೆಯೆಲ್ಲ ಹೊಸದಾಗಿ ಗೀಚಿ ಹೋಗಿದೆ." ಹಲಗೆ ಕಳಚಿತು. ಬಾಗಿಲಿನ ತಳದಲ್ಲಿ ಹೊಳೆಯ ಮರಳಿನ ಕಾಳುಗಳು ಬಿಸಿಲಿಗೆ ಮಿನುಗಿದವು. ಮೂಲೆಯಲ್ಲಿ ಹರಿದ ಬಟ್ಟೆಚೀಲದ ಒಂದು ಚೂರು.

ಅಂಗಳದ ತುಂಬ ಗದ್ದಲವೆದ್ದಿತು. ಪದ್ಮಾಕ್ಷಿ ಕೈಯೆತ್ತಿದಳು.

"ಶುಕೂರ್ ಸಾಹೇಬರು ಬರೆದದ್ದು ಸರಿ. ಮುಳ್ಳು ತೋರಿಸಿದ್ದೂ ಸರಿ. ಡಿಕ್ಕಿ, ಸೀಟು ಎಲ್ಲ ನಾವು ನೋಡಿದೆವು, ಬಾಗಿಲಿನ ಹೊಟ್ಟೆ ನೋಡಲಿಲ್ಲ. ನಾಲ್ಕು ಬಾಗಿಲಲ್ಲೂ ಮರಳಿನ ಚೀಲ ತುಂಬಿದರೆ ಗಾಜು ಇಳಿಯಲಿಕ್ಕೆ ಜಾಗ ಎಲ್ಲಿ? ಚೀಟಿ ತಕೊಳ್ಳಲಿಕ್ಕೆ ಇಳಿದದ್ದು ಮರ್ಯಾದೆಗೆ ಅಲ್ಲ, ಬೇರೆ ದಾರಿ ಇಲ್ಲದ್ದಕ್ಕೆ. ತೂಕ ಮುಗಿದ ಮೇಲೆ ಮರಳು ತೆಗೆದರು. ಸ್ಪರ್ಧೆಯ ನಂತರ ತೂಗುತ್ತೇವೆ ಅಂತ ನನ್ನ ನಿಯಮದಲ್ಲಿ ಇರಲೇ ಇಲ್ಲ. ಆ ತೂತು ನನ್ನದು. ಮೋಸ ನಿಮ್ಮದು, ಧರ್ಣಪ್ಪನವರೇ."

ಧರ್ಣಪ್ಪ ತೆರೆದಿದ್ದ ಬಾಗಿಲನ್ನು ಮೆಲ್ಲ ಮುಚ್ಚಿದ. ಆಮೇಲೆ ಶುಕೂರರ ಮುಂದೆ ಹೋಗಿ ನಿಂತ. "ತಪ್ಪಾಯ್ತು. ನಿಮ್ಮ ಹೆಸರು ಎಳೆಯಬಾರದಿತ್ತು." ನಂತರ ಪದ್ಮಾಕ್ಷಿಯ ಕಡೆ ತಿರುಗಿದ. "ಆದರೆ ಒಂದು ಮಾತು ಟೀಚರೇ. ನನ್ನ ಕಾರಿಗೆ ಎಪ್ಪತ್ತೆಂಟು. ಷೆವರ್ಲೆಗೆ ನಲವತ್ತು. ಎರಡು ಕಿಲೋ ಕಡಿಮೆ ಆದ್ದಕ್ಕೆ ನಾನು ಆ ಆನೆಯ ಜೊತೆ ಓಡಬೇಕಾ? ಇದು ಯಾವ ನ್ಯಾಯ?"

"ಈಗ ನ್ಯಾಯ ಕೇಳ್ತೀರಾ?" ಚನಿಯಪ್ಪ ರೇಗಿದರು. "ಕಪ್ ಹಾಜಬ್ಬನಿಗೆ. ನಿಮಗೆ ಒಂದು ವರ್ಷ ಕ್ಲಬ್ಬಿಲ್ಲ."

ಪದ್ಮಾಕ್ಷಿ ಮಾತ್ರ ನಿಂತಲ್ಲೇ ನಿಂತಿದ್ದಳು. ಮೋಸಗಾರ ಹೇಳಿದ್ದಾದರೂ ಮಾತು ನಿಜವಾಗಿತ್ತು. ಗೆರೆ ಎಲ್ಲಿ ಎಳೆದರೂ ಅದರ ಅಂಚಿನಲ್ಲಿ ಒಬ್ಬ ಸಿಕ್ಕಿಬೀಳುತ್ತಾನೆ. ಗೆರೆಯೇ ಬೇಡವೆಂದರೆ? ಪ್ರತಿ ಕಾರಿಗೂ ಅದರದೇ ಭಾರಕ್ಕೆ ತಕ್ಕಷ್ಟು ಸೆಕೆಂಡ್ ಬಿಟ್ಟುಕೊಟ್ಟರೆ?

"ಸೀಮೆಸುಣ್ಣ ಯಾರಲ್ಲಾದರೂ ಉಂಟಾ?"

ಶುಕೂರ್ ಲಾರಿಗಳಿಗೆ ಗುರುತು ಹಾಕುವ ತುಂಡೊಂದನ್ನು ತಂದುಕೊಟ್ಟರು. ಅವಳು ಕಾರ್ಖಾನೆಯ ಗೋಡೆಯ ಮೇಲೆ ಹನ್ನೊಂದು ಕಾರುಗಳ ತೂಕ, ಎಂಜಿನ್, ಬೆಳಗಿನ ಸಮಯ ಎಲ್ಲವನ್ನೂ ಬರೆದು ಭಾಗಿಸುತ್ತಾ ಹೋದಳು. ಜನ ಉಸಿರು ಬಿಗಿಹಿಡಿದು ಹತ್ತಿರ ಸರಿದರು.

"ಭಾರಕ್ಕೆ ತಕ್ಕ ಸೆಕೆಂಡ್ ಬಿಟ್ಟುಕೊಟ್ಟರೆ ಮೊದಲು ಹಾಜಬ್ಬ," ಎಂದಳು ಕೊನೆಗೆ. "ಎರಡನೆಯದು ಧರ್ಣಪ್ಪ. ಒಂದೂವರೆ ಸೆಕೆಂಡ್ ಹಿಂದೆ. ಷೆವರ್ಲೆ ಮೂರನೆಯದು."

ಧರ್ಣಪ್ಪ ಗೋಡೆಯನ್ನೇ ನೋಡುತ್ತಿದ್ದ. "ಷೆವರ್ಲೆ ನನ್ನ ಹಿಂದೆಯಾ? ಮರಳು ಇಲ್ಲದೆಯೇ?"

"ಮರಳು ಇಲ್ಲದೆಯೇ."

ಹಾಜಬ್ಬ ನಗು ತಡೆಯಲಾರದೆ ಅವನ ಹೆಗಲಿಗೊಂದು ಏಟು ಕೊಟ್ಟ. "ಒಂದು ವರ್ಷ ಬೇಗ ಹೋಗ್ತದೆ ಧರ್ಣಪ್ಪಣ್ಣ. ಬನ್ನಿ. ಆ ಒಂದೂವರೆ ಸೆಕೆಂಡನ್ನು ಚಾರ್ಮಾಡಿಯಲ್ಲಿ ಹುಡುಕುವ."