ಒಡೆಯದ ಬಣ್ಣ

ಬಲೆಯಲ್ಲಿ ಸಿಕ್ಕಿದ್ದು ಒಂದೇ ಒಂದು ಚಿಪ್ಪು. ಹೆಬ್ಬೆರಳಿನುದ್ದ, ಮೈತುಂಬ ಹಸಿರು ಪಟ್ಟೆ, ಒಳಗೆ ಜೀವ. ಈ ಕಡಲಿನದಲ್ಲ.

ಬಂದರಿನ ಹಿರಿಯ ತಪಾಸಕರು, ಎಲ್ಲರ ಬಾಯಲ್ಲಿ ಚಿಪ್ಪಜ್ಜ, ಅದನ್ನು ಬಟ್ಟಲಿಗೆ ಹಾಕಿ ಸಹಾಯಕಿಯತ್ತ ಸರಿಸಿದರು. ಬಲೆ ಎತ್ತಿದ್ದು ಹೊರಗೆ ಲಂಗರು ಹಾಕಿದ್ದ ಹಡಗಿನ ಪಕ್ಕದಲ್ಲಿ. ಇಂಥ ನಾಲ್ಕು ಒಳಗೆ ಬಂದು ಮರಿ ಹಾಕಿದರೆ ಸಾಕು, ಊರ ಚಿಪ್ಪುಗಳನ್ನು ಮುಚ್ಚಿ ಸಾಯಿಸುತ್ತವೆ; ಇಲ್ಲಿ ಹಗ್ಗಗಳ ಮೇಲೆ ಚಿಪ್ಪು ಸಾಕುವ ಅರವತ್ತು ಮನೆಗಳ ಒಲೆ ಆರುತ್ತದೆ. ಹಡಗನ್ನು ತಡೆದದ್ದು ಅದಕ್ಕೇ.

ಸಹಾಯಕಿ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡಳು. ಆ ಹಡಗಿನ ಎಂಜಿನಿಯರ್ ಅವಳ ಗಂಡ. ಹನ್ನೊಂದು ತಿಂಗಳ ಮೇಲೆ ಬಂದವನು ನಾಲ್ಕು ದಿನದಿಂದ ಕಣ್ಣಳತೆಯಲ್ಲೇ ನಿಂತಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ. ಬೆಳಿಗ್ಗೆ ಅಡುಗೆಮನೆ ಕಿಟಕಿಯ ಜಾಲರಿ ಹಿಡಿದು ಹಡಗು ನೋಡುತ್ತ ಹಾಲು ಉಕ್ಕಿಸಿದ್ದಳು. ಅವನು ಬೇಕಿತ್ತು, ಅಷ್ಟೇ.

ಚಿಪ್ಪು ಬಂದದ್ದೆಲ್ಲಿಂದ? ಹಡಗಿನ ತಳ ಕೆರೆಸಿ ಮೂರೇ ವಾರವಾಯಿತು, ಮೊದಲು ಅಲ್ಲಿ ನಿಂತಿದ್ದ ಮೀನುಹಡಗಿನದಿರಬೇಕು ಎಂದು ಕಪ್ತಾನ ರೇಡಿಯೋದಲ್ಲಿ ಸಾಧಿಸಿದ. ಕೆರೆದ ಮುಳುಗುಗಾರ ಕೆಲಸ ಮುಗಿದ ಮೇಲಿನ ಹೊರಮೈಯ ಫೋಟೋಗಳನ್ನು ಕಳಿಸಿದ್ದ. ಹಾಗಾದರೆ ಎಂಜಿನ್ ತಣಿಸಲು ಕಡಲ ನೀರು ಒಳಬರುವ, ತಳದಲ್ಲಿನ ಗೂಡು? ಅದರ ಜಾಲರಿ ಬಿಚ್ಚಿಸಿ ತೊಳೆಸುವುದು ಎಂಜಿನಿಯರ್ ಕೆಲಸ. ಹಡಗಿನ ದಾಖಲೆ ಪುಸ್ತಕದಲ್ಲಿ, ತಳ ಕೆರೆಸಿದ ದಿನವೇ, ‘ಬಿಚ್ಚಿ ತೊಳೆಯಲಾಗಿದೆ’ ಎಂದಿತ್ತು. ಕೆಳಗೆ ಸಹಿಯೂ ಇತ್ತು.

ಅಜ್ಜ ಪೆನ್ನು ತೆಗೆದರು.

“ಮೀನುಹಡಗಿನದೇ. ಸಂಜೆ ಇವರನ್ನ ಒಳಗೆ ಬಿಟ್ಟುಬಿಡೋಣ. ಹೋಗಮ್ಮ, ಏನಾದ್ರೂ ಒಳ್ಳೇ ಅಡುಗೆ ಮಾಡು.”

ಅವಳ ಜೀವ ಆಗಲೇ ಮನೆ ಸೇರಿತ್ತು. ಕೈ ಮಾತ್ರ ಫೋಟೋಗಳನ್ನು ಜೋಡಿಸುತ್ತಿತ್ತು. ಕೊನೆಯದರಲ್ಲಿ ಗೂಡಿನ ಜಾಲರಿ, ಅದರ ಎಂಟು ಬೋಲ್ಟು. ಕೈ ಅಲ್ಲೇ ನಿಂತಿತು.

ಹೊರಡುವ ಹಿಂದಿನ ದಿನ ಗಂಡ ಅಡುಗೆಮನೆ ಕಿಟಕಿಯ ಜಾಲರಿಯನ್ನು ಬಿಚ್ಚಿ ಸರಿಮಾಡಿದ್ದ. ಒಂದೊಂದು ತಿರುಪಿನ ಸುತ್ತಲೂ ಬಣ್ಣ ಬಳೆಯಾಕಾರದಲ್ಲಿ ಒಡೆದಿತ್ತು. ಅವನ ಕೈ ಆಡಿದ ಗುರುತೆಂದು ಅವಳು ಹಾಗೇ ಬಿಟ್ಟಿದ್ದಳು.

“ಅಜ್ಜ, ಸಹಿ ಹಾಕ್ಬೇಡಿ.”

“ಯಾಕೆ?”

“ಈ ಬೋಲ್ಟು ನೋಡಿ. ಸುತ್ತ ಬಣ್ಣ ಒಂಚೂರೂ ಬಿರುಕು ಬಿಟ್ಟಿಲ್ಲ. ಬಣ್ಣ ಒಡೀದೆ ಬೋಲ್ಟ್ ತಿರುಗಲ್ಲ. ನೀರೊಳಗೆ ಮತ್ತೆ ಬಳಿಯೋಕೂ ಆಗಲ್ಲ. ಹೊರಗೆ ಉಜ್ಜಿದಾರೆ — ಗೂಡನ್ನ ಯಾರೂ ತೆಗೆದೇ ಇಲ್ಲ. ಚಿಪ್ಪು ಅಲ್ಲಿಂದ ಬಿದ್ದಿದೆ.”

“ಮೇಲೆ ಥಳಕು, ಒಳಗೆ ಹುಳುಕು,” ಅಜ್ಜ ಗೊಣಗಿದರು. “ತೊಳೆದೆ ಅಂತ ಸುಳ್ಳು ಬರೆದೋರು ಯಾರು ಅಂತ ಗೊತ್ತಲ್ಲ?”

“ನಮ್ಮನೆಯವರು.”

ಅವಳೇ ರೇಡಿಯೋದಲ್ಲಿ ಗಂಡನನ್ನು ಕೇಳಿದಳು. ಅವನು ಒಪ್ಪಿಕೊಂಡ. ಗೂಡು ಬಿಚ್ಚಿಸಿದ್ದರೆ ಹಡಗು ಇನ್ನೂ ಆರು ದಿನ ತಳ ಕೆರೆಸಿದ ಬಂದರಿನಲ್ಲೇ ನಿಲ್ಲುತ್ತಿತ್ತು.

“ಆರು ದಿನ ಮುಂಚೆ ನಿನ್ನ ನೋಡ್ಬೇಕು ಅನ್ನಿಸ್ತು ಕಣೆ.”

ಈಗ ಹಡಗು ದೂರದ ರಿಪೇರಿ ಕಟ್ಟೆಗೆ ಹೋಗಿ ಬರಲು ಒಂದು ತಿಂಗಳು ಬೇಕು. ಅವಳು ಅಜ್ಜನ ಪೆನ್ನಿಗೆ ಮುಚ್ಚಳ ಹಾಕಿದಳು.

“ಬಿಚ್ಚಿ ತೊಳೆಸ್ಕೊಂಡು ಬನ್ನಿ,” ಎಂದಳು. “ಕಿಟಕಿಗೆ ನಾನಿನ್ನೂ ಬಣ್ಣ ಬಳಿಸಿಲ್ಲ.”