ಶಿವಗಂಗಾ ಕಂಡ ಹಕ್ಕಿಗಳು

'ಎಪ್ಪತ್ತಾರರಲ್ಲೂ ಹದ್ದಿನ ಕಣ್ಣು' ಎಂದು ಪೇಪರಿನವರು ಶಿವಗಂಗಾಳ ಅಪ್ಪನ ಹಕ್ಕಿ ಪುಸ್ತಕವನ್ನು ಹೊಗಳಿದ್ದರು. ವೀರೇಂದ್ರ ಅದನ್ನು ಓದಿ ಮುಗಿಸಿ, ತುಟಿಯಂಚಿನಲ್ಲೇ ನಗುತ್ತ ಅವಳ ಕಡೆ ನೋಡಿದ. ಆ ಹದ್ದಿನ ಕಣ್ಣು ಎದುರಿಗೇ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿತ್ತು.

ನಿವೃತ್ತ ಮಾಸ್ತರ ಅಮರಗುಂಡಪ್ಪನವರ ಕಣ್ಣು ಮಂಜಾಗಿ ಆರು ವರ್ಷ. ಆಪರೇಷನ್ನಿಗೂ ಬಗ್ಗದ ಮಂಜು. ಲಿಂಗಸುಗೂರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಸಿಂಧನೂರಿನಿಂದ ಬಂದು ಪುಸ್ತಕದ ಪುಟ ಜೋಡಿಸಿಕೊಟ್ಟ ವೀರೇಂದ್ರನೊಬ್ಬನಿಗೆ ಗೊತ್ತಿತ್ತು. ಮಗಳು ನೋಡಿ ಹೇಳಬೇಕು, ಅಪ್ಪ ಕೇಳಿ ಬರೆಸಬೇಕು. ಯಾವುದು, ಎಲ್ಲಿ, ಎಷ್ಟು ದಿನದಿಂದ, ಒಂಟಿಯೋ ಜೋಡಿಯೋ? ಈ ನಾಲ್ಕಕ್ಕೂ ಉತ್ತರ ಸಿಗದೆ ಒಂದು ಗುಬ್ಬಿಯೂ ಅವರ ನೋಟ್‌ಬುಕ್ಕಿಗೆ ಇಳಿದದ್ದಿಲ್ಲ.

ಅವ್ವ ತೀರಿದ ಮೇಲೆ ಅಡಿಗೆ, ಮನೆ, ಹಕ್ಕಿ ಎಲ್ಲವೂ ಶಿವಗಂಗಾಳ ಕೊರಳಿಗೇ ಬಿದ್ದವು. ಬಂದ ಮೂರು ಸಂಬಂಧಗಳನ್ನು ಪುಸ್ತಕ ಬರಲಿ ಎಂದು ಅವಳೇ ತಳ್ಳಿದಳು. ಪುಸ್ತಕ ಬಂತು. ಮಸ್ಕಿಯಲ್ಲಿ ಶಾಲು ಹೊದಿಸಿದರು. ಜನ ಎದ್ದು ನಿಂತದ್ದು ಕಾಣದಿದ್ದರೂ ಚಪ್ಪಾಳೆ ಕೇಳಿಸಿತಲ್ಲ, ಅಪ್ಪ ಹಿಗ್ಗಿ ಮೈಕಿನಲ್ಲೇ ಎರಡನೆಯ ಭಾಗ ಸಾರಿಬಿಟ್ಟರು. ಇನ್ನೂ ಐದು ವರ್ಷದ ಕೆಲಸ. ಚಪ್ಪಾಳೆ ತಟ್ಟುತ್ತಲೇ ಅವಳು ಮನಸ್ಸಿನಲ್ಲಿ ವರ್ಷ ಎಣಿಸಿದಳು. ಅಪ್ಪನ ಮೇಲೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು.

"ನಮ್ಮ ಮದುವಿ ಮಾತು ಮಾಸ್ತರಿಗೆ ನಾನ ಕೇಳಲೇನ್ರಿ?" ವೀರೇಂದ್ರ ಮೆಲ್ಲಗೆ ಅಂದ.

"ಬ್ಯಾಡ್ರಿ. ಅವರ ಕಣ್ಣ ಕಿತ್ಕೊಂಡ್ ಹೋಗ್ತೀನಿ ಅಂದಂಗ ಆಗ್ತೈತಿ."

ಅವನು ತಾನೂ ಸೊಪ್ಪು ಬಿಡಿಸಲು ಕೂತು, ದಂಟನ್ನೆಲ್ಲ ಎಲೆಯ ಗುಡ್ಡೆಗೇ ಹಾಕಿದ. ಅವಳು ಆರಿಸಿ ತೆಗೆಯುವಾಗ ಬೆರಳಿಗೆ ಬೆರಳು ತಾಗಿತು. ನಗಬಾರದು ಅಂದುಕೊಂಡೂ ನಕ್ಕಳು.

ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಗೊರೇಬಾಳದ ಕಾಲುವೆ ದಂಡೆಯಲ್ಲಿ ಕೂತಿದ್ದರು. ಗದ್ದೆಯ ಬೆಳ್ಳಕ್ಕಿಗಳನ್ನು ಎಣಿಸಿ ಹೇಳುತ್ತಿದ್ದವಳು ತಟ್ಟನೆ ಎಣಿಕೆ ನಿಲ್ಲಿಸಿದಳು. ದೂರದಲ್ಲಿ ಪರಿಚಿತ ಬೈಕು ಬರುತ್ತಿತ್ತು.

"ಯಾವುದು ಬಂತವ್ವಾ?"

"ಹಕ್ಕಿ ಅಲ್ಲಪ್ಪಾ. ವೀರೇಂದ್ರ."

"ಒಂಟಿನೋ, ಜೋಡಿನೋ?" ರೂಢಿಯಂತೆ ಕೇಳಿಬಿಟ್ಟರು.

ಒಂಟಿ ಎಂದು ಸುಮ್ಮನಾಗಬಹುದಿತ್ತು. ಆರು ವರ್ಷ ಈ ಪ್ರಶ್ನೆಗೆ ಅವಳು ಅರ್ಧ ಉತ್ತರ ಕೊಟ್ಟಿರಲಿಲ್ಲ.

"ಒಬ್ಬರ ಬರಾಕತ್ತಾರ. ನಾ ಅವರನ್ನ ಮದುವಿ ಆಗಬೇಕಂತ ಮಾಡೀನಪ್ಪಾ."

ಅಪ್ಪ ತಡವರಿಸಿ ಅವಳ ಎಡಗೈ ಮಣಿಕಟ್ಟು ಹಿಡಿದರು. ಹಿಡಿತ ಬಿಗಿಯಾಯಿತು.

"ಎಷ್ಟ್ ದಿನದಿಂದ?"

"ಎರಡ್ ವರ್ಷ."

ಬೈಕು ಹತ್ತಿರ ಬಂದು ನಿಂತಿತು.

"ಬರಕೋ," ಅಂದರು ಅಪ್ಪ. "ನೀ ಕಂಡಿದ್ದನ್ನ ನಾ ಎಂದೂ ಅಳಸಿಲ್ಲ."

ಎಡಗೈಯನ್ನು ಅವರಿನ್ನೂ ಬಿಟ್ಟಿರಲಿಲ್ಲ. ಶಿವಗಂಗಾ ಬಲಗೈಯಿಂದ ನೋಟ್‌ಬುಕ್ಕಿನಲ್ಲಿ ತಾರೀಖು ಬರೆದಳು.